ಕಾವಳದಲ್ಲಿ ಪ್ರಮಾಣ

ಜ್ಞಾನಕ್ಕೆ ಸಾಧನಗಳಾದ ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದವೆಂಬ ಮೂರು ಎಲ್ಲರಿಗೂ ಪರಿಚಿತವಾದುವು. ಇವು ಒಂದನ್ನೊಂದು ಅಲ್ಲಗಳೆದಾಗ ಮನುಷ್ಯನು ಹೇಗೆ ನಡೆದುಕೊಳ್ಳಬೇಕು? ತರ್ಕಶಾಸ್ತ್ರದ ಈ ಪ್ರಶ್ನೆಯು ಕಡಲಿನ ಮೇಲೆ ಪ್ರಾಣದ ಪ್ರಶ್ನೆಯಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯು ಕಾವಳಕ್ಕೆ ಹೆಸರಾದುದು. ಬೇಸಗೆಯ ಗಾಳಿಯು ಮೇಲಣ ನೀರನ್ನು ದಡದಿಂದಾಚೆಗೆ ನೂಕಲು, ಆಳದ ತಣ್ಣೀರು ಮೇಲಕ್ಕೇಳುತ್ತದೆ. ಅದರ ಮೇಲೆ ಬೀಸಿ ಬರುವ ತೇವದ ಗಾಳಿಯು ತಣಿದು ಮಂಜಾಗುತ್ತದೆ. ಶನಿವಾರ ಭಾನುವಾರಗಳ ವಿರಾಮದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ಹಾಯಿದೋಣಿಯಲ್ಲಿ ವಿಹಾರಕ್ಕೆ ಹೊರಟವರಿಗೆ, ಗೋಲ್ಡನ್ ಗೇಟ್ ಸೇತುವೆಯನ್ನು ದಾಟುವಷ್ಟರಲ್ಲಿ ದಡವೂ ಸೇತುವೆಯೂ ಮರೆಯಾಗುವುದುಂಟು. ಪ್ರತ್ಯಕ್ಷವು ಅಲ್ಲಿಗೆ ಮುಗಿಯಿತು. ಉಳಿದುವು ಎರಡು: ದಿಕ್ಕು, ವೇಗ, ಕಾಲಗಳಿಂದ ತಾನಿರುವ ಎಡೆಯನ್ನು ಲೆಕ್ಕಹಾಕುವ ಅನುಮಾನ, ಗಂಟೆ, ಕಹಳೆ, ರೇಡಿಯೋಗಳ ಮೂಲಕ ಪರರು ತಿಳಿಸುವ ಶಬ್ದ.

ಇವೆರಡು ವಿರೋಧಿಸಿದಾಗ ಒದಗಬಹುದಾದ ವಿಪತ್ತಿಗೆ ಅದೇ ಕರಾವಳಿಯಲ್ಲಿ ಸಾಕ್ಷಿಯುಂಟು. 1923ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕದ ನೌಕಾಪಡೆಯ 14 ಡಿಸ್ಟ್ರಾಯರುಗಳು 20 ನಾಟ್ ವೇಗದಿಂದ ಸ್ಯಾನ್ ಡಿಯೇಗೋವಿನ ಕಡೆಗೆ ಸಾಗುತ್ತಿದ್ದುವು. ಮುಂದಾಳಾದ ಡೆಲ್ಫಿ ಎಂಬ ಹಡಗಿನವರ ಲೆಕ್ಕವು ಒಂದು ಎಡೆಯನ್ನು ಹೇಳಿತು. ದಡದ ರೇಡಿಯೋ ಠಾಣೆಯು ಬೇರೊಂದನ್ನು ಹೇಳಿತು. ಆ ಕಾಲಕ್ಕೆ ಇಂಥ ರೇಡಿಯೋ ಸೂಚನೆಯು ಹೊಸದು. ಅದರಲ್ಲಿ ತಪ್ಪಿರಬಹುದೆಂಬ ಶಂಕೆಯು ನಿರಾಧಾರವಾಗಿರಲಿಲ್ಲ. ಆದರೆ ತಮ್ಮ ಲೆಕ್ಕವನ್ನು ಅವರು ಅಷ್ಟೇ ಶಂಕಿಸಲಿಲ್ಲ. ನೀರಿನ ಆಳವನ್ನಳೆಯುವುದಕ್ಕಾಗಿ ವೇಗವನ್ನು ತಗ್ಗಿಸಲೂ ಇಲ್ಲ. ಸಾಂಟಾ ಬಾರ್ಬರಾ ಜಲಸಂಧಿಯು ಬಂದಿತೆಂದು ಪೂರ್ವಕ್ಕೆ ತಿರುಗಿದ ಡೆಲ್ಫಿಯು ಮಂಜಿನಲ್ಲಿ ಹೊಂಡಾ ಪಾಯಿಂಟಿನ ಬಂಡೆಗಳಿಗೆ ಬಡಿಯಿತು. ಹಿಂಬಾಲಿಸಿದ ಆರು ಹಡಗುಗಳಿಗೂ ಅದೇ ಗತಿಯಾಯಿತು. 23 ಮಂದಿ ನಾವಿಕರು ಮಡಿದರು.

ಹಾಗಾದರೆ ಪರರ ಮಾತನ್ನೇ ನಂಬತಕ್ಕದ್ದೆ? ಆಪ್ತನೆನಿಸಿದವನೂ ತಪ್ಪಬಹುದು, ಡೆಲ್ಫಿಯ ಹಿಂದೆ ಬಂದವರು ಕೆಟ್ಟುದು ಮುಂದಾಳಿನ ಮೇಲಣ ನಂಬಿಕೆಯಿಂದಲೇ. ಪ್ರಮಾಣಗಳು ಭಿನ್ನವಾದಾಗ, ಯಾವುದು ನಿಜವೆಂದು ತೀರ್ಮಾನಿಸುವುದಕ್ಕೆ ಮೊದಲೇ ಮಾಡಬೇಕಾದ ಕರ್ತವ್ಯವೊಂದುಂಟು: ಗತಿಯನ್ನು ತಗ್ಗಿಸಿ ಪರೀಕ್ಷೆಗೆ ಅವಕಾಶ ಕೊಡುವುದು. ಸಂಶಯವನ್ನು ಹೇಡಿತನವೆಂದು ಬಗೆದು ಅಡಗಿಸುವವನು ತನ್ನೊಡನಿರುವವರ ಪ್ರಾಣವನ್ನು ಪಣವಾಗಿಡುತ್ತಾನೆ.

ಎರಡನೆಯ ಕರ್ತವ್ಯವು ಕಾಣದ ನೆರೆಯವನಿಗೆ ಸಲ್ಲತಕ್ಕದ್ದು. 1972ರ ಅಂತರರಾಷ್ಟ್ರೀಯ ನೌಕಾನಿಯಮಗಳ ಪ್ರಕಾರ, ಮಂಜಿನಲ್ಲಿ ಸಾಗುವ ಹಾಯಿನಾವೆಯು 2 ನಿಮಿಷಗಳಿಗೆ ಮೀರದ ಅಂತರದಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಧ್ವನಿಗಳನ್ನು ಹೊರಡಿಸಬೇಕು; 12 ಮೀಟರಿಗಿಂತ ಚಿಕ್ಕ ದೋಣಿಯೂ ಕೇಳಿಸುವಂಥ ಏನಾದರೊಂದು ಸದ್ದನ್ನು ಮಾಡಲೇಬೇಕು. ಇಂದಿನ ವಿಹಾರಿಗೆ ಉಪಗ್ರಹಗಳ ನೆರವಿನಿಂದ ತಾನಿರುವ ಎಡೆಯು ಕೆಲವೇ ಮೀಟರುಗಳ ಅಂತರದೊಳಗೆ ತಿಳಿಯುತ್ತದೆ. ಆದರೂ ಈ ನಿಯಮವು ಅಳಿದಿಲ್ಲ. ತನ್ನ ಸ್ಥಾನವನ್ನು ತಾನರಿತ ಮಾತ್ರದಿಂದ ಇನ್ನೊಬ್ಬನಿಗೆ ಅಭಯವು ದೊರೆಯದು. ತಾನಿಲ್ಲಿರುವೆನೆಂದು ಸಾರಿ, ಬಳಿಕ ಸುಮ್ಮನಿದ್ದು ಕಿವಿಗೊಡಬೇಕು.

ಸಂಸಾರದಲ್ಲಿಯೂ ಸಮಾಜದಲ್ಲಿಯೂ ಇಂಥ ಕಾವಳ ಕವಿಯುವುದು ಅಪೂರ್ವವಲ್ಲ. ಅಲ್ಲಿಯೂ ಪ್ರತಿಯೊಬ್ಬನಿಗೆ ತನ್ನ ಲೆಕ್ಕವೇ ಪ್ರಿಯ, ಎದುರಿನವನ ಮಾತೇ ಶಂಕಾಸ್ಪದ. ಆ ಗಳಿಗೆಯಲ್ಲಿ ಒಬ್ಬನಾದರೂ ವೇಗವನ್ನು ತಗ್ಗಿಸಿದರೆ, ಬಂಡೆಯು ಇದ್ದಲ್ಲಿಯೇ ಇದ್ದರೂ ನಾವೆಯು ಉಳಿಯಬಹುದು.