ಎದುರು ಬಸ್ಸಿಲ್ಲದ ತಿರುವು

ಸಂಪಾಜೆ ಘಾಟಿಯಲ್ಲಿ ಬೈಕ್ ಪಳಗಿಸಿಕೊಂಡವನಿಗೆ ತನಗೆ ತಿರುವು ಗೊತ್ತು ಎಂಬ ಜಂಬ ಇರುತ್ತದೆ. ನನಗೂ ಇತ್ತು. ಚೆನ್ನೈ ಹತ್ತಿರದ ಇರುಂಗಾಟುಕೋಟೆ ಟ್ರ್ಯಾಕಿನಲ್ಲಿ ಮೊದಲ ಸುತ್ತು ಮುಗಿಯುವುದರೊಳಗೆ ಅದು ಇಳಿಯಿತು. ಇಷ್ಟು ವರ್ಷ ನಾನು ಕಲಿತದ್ದು ತಿರುವನ್ನಲ್ಲ, ತಿರುವಿನ ಆಚೆಯಿಂದ ಬರಬಹುದಾದ ಬಸ್ಸನ್ನು.

*

ನಮ್ಮ ಪುತ್ತೂರಿನಿಂದ ಆ ಟ್ರ್ಯಾಕಿಗೆ ಸುಮಾರು 600 ಕಿ.ಮೀ. ಒಂದು ಸುತ್ತು 3.7 ಕಿ.ಮೀ., ತಿರುವು 12. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವಾಗ ಇಷ್ಟು ತಿರುವನ್ನು ಯಾರೂ ಎಣಿಸುವುದೇ ಇಲ್ಲ. ಆದರೂ ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

*

ಹೆದರಿಕೆಯಲ್ಲಿ ಎರಡು ಬಗೆ. ಬೀಳುತ್ತೇನೋ ಎಂಬುದು ಒಂದು, ನಗುತ್ತಾರೋ ಎಂಬುದು ಇನ್ನೊಂದು. ಮೊದಲನೆಯದು ಬ್ರೇಕ್ ಹಿಡಿಸುತ್ತದೆ, ಎರಡನೆಯದು ಬಿಡಿಸುತ್ತದೆ.

*

ಟ್ರ್ಯಾಕಿನಲ್ಲಿ ವೇಗ ನೋಡಿ ಸವಾರರನ್ನು ಗುಂಪು ಮಾಡುತ್ತಾರೆ. ನಾಚಿಕೆ ಬಿಟ್ಟು ಕೊನೆಯ ಗುಂಪಿಗೆ ಹೆಸರು ಕೊಡು ಮಾರಾಯ. ಮಧ್ಯಾಹ್ನ ಮೇಲಿನ ಗುಂಪಿಗೆ ಕಳುಹಿಸಿದರೆ ಮರ್ಯಾದೆ. ಕೆಳಗಿನದಕ್ಕೆ ಇಳಿಸಿದರೆ ಆವತ್ತಿನ ಊಟ ರುಚಿಸುವುದಿಲ್ಲ.

*

ಪುತ್ತೂರಿನ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಕಂಬಳ ನೋಡಿದವರಿಗೆ ಇದು ಗೊತ್ತು: ಓಟಕ್ಕೆ ಕೆಲವೇ ಸೆಕೆಂಡು ಸಾಕು, ಹೊತ್ತು ಹಿಡಿಯುವುದು ಓಟ ಶುರುವಾಗುವ ಗಂತಿನಲ್ಲಿ. ಕೋಣ ಸರಿಯಾಗಿ ನಿಲ್ಲದಿದ್ದರೆ ತಿರುಗಿಸಿ ಮತ್ತೆ ತರುತ್ತಾರೆ. ಯಾರಿಗೂ ಅವಸರವಿಲ್ಲ, ಮೈಕ್ ಹಿಡಿದವರೊಬ್ಬರನ್ನು ಬಿಟ್ಟು. ಟ್ರ್ಯಾಕಿಗೆ ಬಿಡುವ ಪಿಟ್ ಲೇನಿನ ಸಾಲಿನಲ್ಲಿ ಕೈ ನಡುಗುತ್ತಾ ನಿಂತಾಗ ನನಗೆ ನೆನಪಾದದ್ದು ಆ ಗಂತು. ನಡುಕ ಹೆಚ್ಚಾದರೆ ಬದಿಗೆ ಸರಿದು ನಿಲ್ಲು, ಮುಂದಿನ ಸರದಿಗೆ ಹೋದರಾಯಿತು. ಇನ್ನೊಂದು ಸಂಗತಿಯೂ ಉಂಟು. ಕಂಬಳದ ಕರೆ ಕಟ್ಟಿದ ಹಿರಿಯರು ಓಟ ಮುಗಿಯುವ ಮಂಜೊಟ್ಟಿಯಲ್ಲಿ ಏರು ಇಟ್ಟದ್ದು ಕೋಣಗಳ ವೇಗ ಇಳಿಯಲಿ ಎಂದು. ಸರದಿ ಮುಗಿಯಿತೆನ್ನುವ ಚೌಕುಳಿ ಬಾವುಟ ಕಂಡ ಮೇಲಿನ ಒಂದು ಸುತ್ತು ನಿನ್ನ ಮಂಜೊಟ್ಟಿ. ನಿಧಾನಕ್ಕೆ ಬಾ, ಪಿಟ್‌ಗೆ ತಿರುಗುವ ಮೊದಲು ಕೈ ಎತ್ತಿ ತೋರಿಸು.

*

ಸುಳ್ಯದ ರಬ್ಬರ್ ತೋಟದಲ್ಲಿ ಟ್ಯಾಪಿಂಗ್‌ನವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ, ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ ಎಂದು. ಅದೇ ರಬ್ಬರ್ ಟಯರ್ ಆದ ಮೇಲೆ ಬಿಸಿ ಬೇಡುತ್ತದೆ. ಮೊದಲ ಎರಡು ಸುತ್ತು ಟಯರಿನದು, ನಿನ್ನದಲ್ಲ.

*

ಕನ್ನಡಿ ಬಿಚ್ಚಿಸುತ್ತಾರೆ, ಇಲ್ಲವೆ ಅದಕ್ಕೆ ಟೇಪು ಹಚ್ಚಿಸುತ್ತಾರೆ. ಹಿಂದೆ ಯಾರಿದ್ದಾರೆ ಎಂಬ ಚಿಂತೆ ನಿನಗೆ ಬೇಡ ಎಂದೇ ಅದರ ಅರ್ಥ. ಹಿಂದಿನವನು ದಾಟುವಾಗ ಜವಾಬ್ದಾರಿ ಅವನದು.

*

ಹಳದಿ ಬಾವುಟ ಕಂಡರೆ ಓವರ್‌ಟೇಕ್ ಇಲ್ಲ. ಕೆಂಪು ಕಂಡರೆ ವೇಗ ಇಳಿಸಿ ನೆಟ್ಟಗೆ ಪಿಟ್‌ಗೆ. ನೀಲಿ ಎಂದರೆ ನಿನಗಿಂತ ವೇಗದವನು ಬರುತ್ತಿದ್ದಾನೆ. ಗಾಬರಿಬಿದ್ದು ಬದಿಗೆ ಹಾರಬೇಡ, ನಿನ್ನ ಗೆರೆಯಲ್ಲೇ ಹೋಗು. ಹಾರ್ನ್ ಹಾಕಿದವರಿಗೆಲ್ಲ ಬದಿ ಕೊಟ್ಟು ಬೆಳೆದ ನಮಗೆ ಕಷ್ಟವಾಗುವುದು ಈ ಒಂದು ಬಾವುಟ.

*

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಅಡಿಕೆ ಮರ ಹತ್ತುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಮರದ ತುದಿಯಲ್ಲಿದ್ದುಕೊಂಡೇ ಮೈ ತೂಗಿ ಪಕ್ಕದ ಮರ ಹಿಡಿಯುತ್ತಾರೆ. ಆ ಗಳಿಗೆಯಲ್ಲಿ ಅವರ ಕಣ್ಣು ನೆಲದ ಮೇಲಿರುವುದಿಲ್ಲ, ಬಿಟ್ಟ ಮರದ ಮೇಲೂ ಇರುವುದಿಲ್ಲ. ಬೈಕ್ ಕೂಡ ಕಣ್ಣು ಹೋದಲ್ಲಿಗೇ ಹೋಗುತ್ತದೆ. ಟ್ರ್ಯಾಕಿನ ಬದಿಯ ಜಲ್ಲಿಯನ್ನು ಹೆದರಿ ನೋಡಿದವನು ಜಲ್ಲಿಗೇ ಇಳಿಯುತ್ತಾನೆ. ತಿರುವಿಗೆ ಬಾಗುವ ಮೊದಲೇ ಅದರ ಒಳಮೂಲೆ ಕಣ್ಣಿಗೆ ಬಿದ್ದಿರಬೇಕು. ಒಳಮೂಲೆ ಮುಟ್ಟುವಷ್ಟರಲ್ಲಿ ಕಣ್ಣು ಹೊರದಾರಿಗೆ ಹೋಗಿರಬೇಕು. ಬರೆಯಲು ಎರಡು ಸಾಲು ಸಾಕಾಯಿತು, ಮಾಡಲು ನನಗೆ ಇಡೀ ಬೆಳಗ್ಗೆ ಹಿಡಿಯಿತು.

*

ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಹೈಸ್ಕೂಲಿನಲ್ಲಿ ಬರೆದು ಪಾಸಾದ ಲೆಕ್ಕ. ಅರ್ಥವಾದದ್ದು ನೇರದಾರಿಯ ಕೊನೆಯಲ್ಲಿ.

*

ಬ್ರೇಕ್ ಬೈಕ್ ನೆಟ್ಟಗಿರುವಾಗಲೇ ಮುಗಿಯಲಿ. ವಾಲಿದ ಮೇಲೆ ಹಿಡಿಯುವ ಬ್ರೇಕ್ ಸಾಲದ ಹಾಗೆ, ಆಗ ಸಿಕ್ಕಿದ್ದನ್ನು ಆಮೇಲೆ ಬಡ್ಡಿ ಸಮೇತ ವಸೂಲು ಮಾಡುತ್ತದೆ.

*

ಹ್ಯಾಂಡಲನ್ನು ಹಲಸಿನಹಣ್ಣು ಹೊತ್ತವನ ಹಾಗೆ ಅವುಚಿಕೊಳ್ಳಬೇಡ. ತೊಡೆಯಲ್ಲಿ ಟ್ಯಾಂಕ್ ಬಿಗಿಹಿಡಿ, ಮೊಣಕೈ ಸಡಿಲ ಬಿಡು. ಸಂಜೆ ಅಂಗೈ ನೋಯುತ್ತಿದ್ದರೆ ನೀನು ಹೆದರಿದ್ದೆ. ತೊಡೆ ನೋಯುತ್ತಿದ್ದರೆ ಸವಾರಿ ಮಾಡಿದ್ದೆ.

*

ನಮ್ಮ ಕಡೆ ಹೆಲ್ಮೆಟ್ ಮೊಣಕೈಗೆ ನೇತುಹಾಕುವ ಆಭರಣ. ಅಲ್ಲಿ ಪಟ್ಟಿ ಬಿಗಿಯಾಗಿದೆಯೇ ಎಂದು ಬೆರಳು ತೂರಿಸಿ ನೋಡಿ ಒಳಗೆ ಬಿಡುತ್ತಾರೆ. ಚರ್ಮದ ಸೂಟಿನೊಳಗೆ ಚೆನ್ನೈ ಬಿಸಿಲು ಸೇರಿದರೆ ಏನಾಗುತ್ತದೆ ಎಂಬುದನ್ನು ವರ್ಣಿಸುವುದಿಲ್ಲ. ಬಾಯಾರುವ ಮೊದಲೇ ನೀರು ಕುಡಿ.

*

ವಿಮೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಹೋಗುವ ಮೊದಲು ಓದು. ರೇಸ್, ವೇಗ ಪರೀಕ್ಷೆಗಳನ್ನು ಸಾಮಾನ್ಯ ಪಾಲಿಸಿ ಹೊರಗಿಡುತ್ತದೆ. ಬಿದ್ದ ಬೈಕಿನ ಖರ್ಚು ನಿನ್ನದೇ ಎಂದುಕೊಂಡು ಹೊರಟರೆ ಆಕ್ಸಿಲರೇಟರ್ ತಾನಾಗಿ ಹದಕ್ಕೆ ಬರುತ್ತದೆ.

*

ಪಕ್ಕದ ಉಡುಪಿಯ ಬೈಕ್ ಸವಾರ ಅರವಿಂದ್ ಕೆ.ಪಿ. 2017ರಲ್ಲೂ 2018ರಲ್ಲೂ ಡಾಕರ್ ರ‍್ಯಾಲಿ ಮುಗಿಸಲಾಗದೆ ವಾಪಸು ಬಂದರು. 2019ರಲ್ಲಿ ಮುಗಿಸಿದರು. ಊರಿನಲ್ಲಿ ಜನ ಹೇಳಿಕೊಳ್ಳುವುದು ಅವರು ಮುಗಿಸಿದ್ದನ್ನು, ಎಷ್ಟನೆಯವರಾದರು ಎಂಬುದನ್ನಲ್ಲ.

*

ಕೊನೆಯ ಸರದಿಗೆ ಹೋಗಬೇಡ ಎಂದು ಮೈ ಹೇಳಿದರೆ ಕೇಳು. ದುಡ್ಡು ಕೊಟ್ಟಾಗಿದೆಯಲ್ಲ ಎನ್ನಬೇಡ. ಮುಯ್ಯಿ ಕೊಟ್ಟಾಗಿದೆ ಎಂದು ಮದುವೆಮನೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುವವರುಂಟೆ? ಉಂಟು, ಬಿಡು. ಅವರ ಅವಸ್ಥೆಯನ್ನೂ ನೋಡಿದ್ದೇನೆ.

*

ವಾಪಸು ಬರುವಾಗ ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುತ್ತಿದ್ದೆ. ಕನ್ನಡಿ ಮತ್ತೆ ಕೂರಿಸಿಯಾಗಿತ್ತು. ಟ್ರ್ಯಾಕಿನಲ್ಲಿ ಹೆಡ್‌ಲೈಟಿಗೂ ಹಚ್ಚಿಸಿದ್ದ ಟೇಪು ಕಿತ್ತರೂ ಅಂಟು ಹೋಗಿರಲಿಲ್ಲ. ಒಂದು ಬಲ ತಿರುವಿನಲ್ಲಿ ಮೈ ತನ್ನಷ್ಟಕ್ಕೇ ಒಳಮೂಲೆಯ ಕಡೆಗೆ ವಾಲಿತು. ಇಲ್ಲಿ ಒಳಮೂಲೆ ಎದುರಿನವನ ಪಾಲು. ಎಡಕ್ಕೆ ಎಳೆದುಕೊಂಡು ಹಾರ್ನ್ ಒತ್ತಿದೆ. ತಿರುವಿನ ಆಚೆಯಿಂದ ಬಸ್ಸೂ ಒತ್ತಿತು.