ಹಲಗೂರಿಗೆ ಹೋದ ಸಿದ್ದಪ್ಪಾಜಿ



ಬೆಟ್ಟ ಹತ್ತಿ ಬಂದು ತಾವೆಲ್ಲ ದೇವರಲ್ಲಿ ಮಳೆ ಬೆಳೆ, ಆರೋಗ್ಯ, ಮಕ್ಕಳ ಓದು, ಮಗಳ ಮದುವೆ ಅಂತ ಬೇಡಿಕೊಳ್ಳುತ್ತೀರಿ. ಕಚೇರಿಯಲ್ಲಿ ಅರ್ಚನೆ ಚೀಟಿ ಬರೆಸುವಾಗ ಬಹಳ ಜನ ಇನ್ನೊಂದು ಮಾತನ್ನೂ ಹೇಳುತ್ತಾರೆ: "ಧೈರ್ಯವೇ ಸಾಲ್ದು ಸ್ವಾಮಿ, ನನ್ ಕೈಲಿ ಆಯ್ತದಾ ಅನ್ನಿಸ್ತದೆ." ಇದಕ್ಕೆ ಉತ್ತರ ನಮ್ಮ ಸೀಮೆಯ ಕಥೆಯಲ್ಲೇ ಇದೆ.

ಮದ್ದೂರು ಸೀಮೆಯ ನಿಡಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿ. ಧರೆಗೆ ದೊಡ್ಡವರಾದ ಮಂಟೇಸ್ವಾಮಿಯವರು ಅವನನ್ನು ಶಿಶುಮಗನಾಗಿ ಪಡೆದು ಸಿದ್ದಪ್ಪಾಜಿ ಮಾಡಿದರು. ಆಮೇಲೆ ಕಳಿಸಿದ್ದೆಲ್ಲಿಗೆ? ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಲು! ಗುರುತಿಲ್ಲದ ಊರಲ್ಲಿ ಬೇಡುವುದು ಸುಲಭ. ತನ್ನ ಕುಲಕಸುಬಿನವರ ಮುಂದೆಯೇ ಕೈಯೊಡ್ಡುವುದು ಕಷ್ಟ. ಅವರೂ ಸುಮ್ಮನೆ ಕೊಡಲಿಲ್ಲ, ಕಠಿಣ ಪರೀಕ್ಷೆ ಒಡ್ಡಿದರು. ಸಿದ್ದಪ್ಪಾಜಿ ಓಡಿ ಬರಲಿಲ್ಲ. ಗುರುವನ್ನು ನೆನೆದು ಒಂದೊಂದನ್ನೇ ಗೆದ್ದರು. ನೀಲಗಾರರು ತಂಬೂರಿ ಹಿಡಿದು ಇವತ್ತಿಗೂ ಈ ಕಥೆ ಹಾಡುತ್ತಾರೆ. ಗುರುವಿನ ಗದ್ದಿಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ಶಿಷ್ಯನ ಗದ್ದಿಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿದೆ.

ಜಂಬ ಬೇರೆ, ಆತ್ಮವಿಶ್ವಾಸ ಬೇರೆ. ಜಂಬ ಇದ್ದವನು ಯಾರ ಮುಂದೆಯೂ ಕೈಯೊಡ್ಡಲಾರ; ನಾಲ್ಕು ಜನ ಏನಂದಾರೋ ಎಂದು ಒಳಗೇ ಬೇಯುತ್ತಾನೆ. ತನ್ನ ಮೇಲೆ ನಂಬಿಕೆ ಇದ್ದವನು ಇಲ್ಲದ್ದನ್ನು ಇಲ್ಲ ಎಂದು ಹೇಳಿ ಕೇಳುತ್ತಾನೆ.

2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಎಷ್ಟೋ ರೈತರು ಸಾಲದ ಬಾಧೆಗೆ ಜೀವ ಕಳೆದುಕೊಂಡರು. ಕಬ್ಬಿನ ಬಾಕಿ ಬರದೇ ಹೋದದ್ದು ಬೆಳೆದವರ ತಪ್ಪಲ್ಲ. ಅವರನ್ನು ಹೇಡಿಗಳೆನ್ನಬೇಡಿ. ಆದರೆ ಈಗ ಅಂಥ ಭಾರ ಹೊತ್ತು ಬೆಟ್ಟಕ್ಕೆ ಬಂದವರು ಒಂದು ಮಾತು ಕೇಳಿ. ಇವತ್ತು ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಂದೆ ಸಾಲದ ಲೆಕ್ಕ ಬಿಚ್ಚಿ ಹೇಳಿ. ನಾಳೆ ಸೊಸೈಟಿಗೋ ಬ್ಯಾಂಕಿಗೋ ಹೋಗಿ ವಾಯಿದೆ ಕೇಳಿ. ಒಬ್ಬರೇ ಹೋಗಲು ಅಳುಕಾದರೆ ಅಣ್ಣತಮ್ಮನನ್ನೋ ಪಕ್ಕದ ಜಮೀನಿನವರನ್ನೋ ಜೊತೆಗೆ ಕರಕೊಂಡು ಹೋಗಿ. ಎಸ್ಸೆಸ್ಸೆಲ್ಸಿ ಫೇಲಾದ ಮಗುವಿಗೂ ಇದೇ ಮಾತು: ಬೈಯಬೇಡಿ, ಹೋದ ಸಬ್ಜೆಕ್ಟನ್ನು ದಿನಕ್ಕೊಂದು ಪಾಠ ಓದಿಸಿ, ಮತ್ತೆ ಪರೀಕ್ಷೆ ಕಟ್ಟಿಸಿ.

ಧೈರ್ಯ ಬಂದ ಮೇಲೆ ಹೊರಡುತ್ತೇನೆ ಎಂದು ಕೂತರೆ ಆಗುವುದಿಲ್ಲ. ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ ಈ ಬೆಟ್ಟವೂ ಆಗದು ಅನ್ನಿಸಿತ್ತಲ್ಲವೇ? ಒಂದೊಂದೇ ಮೆಟ್ಟಿಲು ಹತ್ತಿ, ಅಲ್ಲಲ್ಲಿ ಕೂತು, ಪಕ್ಕದವರ ಕೈ ಹಿಡಿದು ಬಂದಿರಿ. ಇಳಿದು ಹೋದ ಮೇಲೂ ಹಾಗೇ ನಡೆಯಿರಿ. ದೇವರು ಜೊತೆಗಿರುತ್ತಾನೆ.

ಎಲ್ಲರಿಗೂ ಮಂಗಳವಾಗಲಿ.