ಹಣೆಬರಹ ಎನ್ನುವ ಹಕ್ಕು ಯಾರದು?

ಮೀನು ಹಿಡಿಯಲು ಹೋದವನು ಮರಳದಿದ್ದರೆ ದಡದಲ್ಲಿ ಕೇಳಿಬರುವ ಮಾತು ‘ಹಣೆಬರಹ’. ಅಫಜಲಪುರ ತಾಲ್ಲೂಕಿನ ಭೀಮಾ ತೀರದಲ್ಲಾಗಲಿ, ಮಲ್ಪೆಯ ಬಂದರಿನಲ್ಲಾಗಲಿ ಈ ಮಾತು ಬದಲಾಗದು. ಅದು ಸುಳ್ಳೆಂಬುದು ನನ್ನ ವಾದವಲ್ಲ. ಆಡುವವರು ಬದಲಾದಂತೆ ಅದರ ಅರ್ಥ ಬದಲಾಗುತ್ತದೆ. ಗಂಡನನ್ನು ಕಳೆದುಕೊಂಡವಳ ಬಾಯಲ್ಲಿ ಅದು ಸಮಾಧಾನ. ಕೆಲಸಕ್ಕೆ ಕಳಿಸಿದವರ ಬಾಯಲ್ಲಿ ಅದು ಹೊಣೆಯಿಂದ ನುಣುಚಿಕೊಳ್ಳುವ ದಾರಿ.

ನೀರಿನ ಮುಂದೆ ಮನುಷ್ಯ ಎಷ್ಟರವನು ಎಂದು ಯಾರಾದರೂ ಕೇಳಬಹುದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿಯೊಡನೆ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ. ಇಂಥದ್ದನ್ನು ವಿಧಿ ಎನ್ನುವುದು ಸುಲಭ. ಆದರೆ 2022ರ ಏಪ್ರಿಲ್‌ನಲ್ಲಿ ಮಂಗಳೂರು ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಸತ್ತಾಗ ಅಲ್ಲಿ ಅಲೆಯೂ ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಒಬ್ಬ ಕುಸಿದ, ಎತ್ತಲು ಇಳಿದವರೂ ವಿಷಾನಿಲಕ್ಕೆ ಕುಸಿದರು. ಇಳಿಯುವ ಮುನ್ನ ತೊಟ್ಟಿಯ ಗಾಳಿ ಪರೀಕ್ಷಿಸುವುದು, ಮೇಲೊಬ್ಬ ಹಗ್ಗ ಹಿಡಿದು ನಿಲ್ಲುವುದು ಮನುಷ್ಯರ ಕೈಯಲ್ಲಿರುವ ಕೆಲಸ. ಭೀಮೆಯದೂ ಅದೇ ಕಥೆ. ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಅಫಜಲಪುರ ಮುಟ್ಟಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಸುದ್ದಿ ಹರಿಗೋಲಿನವನಿಗೆ ತಲುಪುತ್ತದೋ ಇಲ್ಲವೋ ಎಂಬುದು ಬ್ರಹ್ಮ ಬರೆಯುವ ಸಂಗತಿಯಲ್ಲ.

‘ಲೈಫ್ ಜಾಕೆಟ್ ಕೊಟ್ಟರೂ ಅವರೇ ಹಾಕುವುದಿಲ್ಲ’ ಎಂಬುದು ಇನ್ನೊಂದು ಆಕ್ಷೇಪ. ನಿಜ. ಒದ್ದೆ ಬಲೆ ಎಳೆಯುವಾಗ ದಪ್ಪ ಜಾಕೆಟ್ ತೋಳಿಗೆ ಅಡ್ಡ ಬರುತ್ತದೆ, ಬಲೆಯ ಕಣ್ಣು ಅದರ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕ ಮೀನಿನ ಪಾಲೇ ಕೂಲಿಯಾದವನು ಅದನ್ನು ಕಳಚಿಟ್ಟರೆ ಆ ಆಯ್ಕೆ ಅರ್ಧ ಅವನದು, ಅರ್ಧ ಹಸಿವಿನದು. ಕೆಲಸಕ್ಕೆ ಒಗ್ಗುವ ಜಾಕೆಟ್ ಹುಡುಕುವ ಹೊಣೆ ಆಗಲೂ ಮಾಲೀಕನದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2007ರ ಮೀನುಗಾರಿಕೆ ಒಡಂಬಡಿಕೆಯೂ ಒಟ್ಟು ಹೊಣೆಯನ್ನು ದೋಣಿಯ ಒಡೆಯನ ಮೇಲೆಯೇ ಇಡುತ್ತದೆ.

ಕಾಯಕವೇ ಪೂಜೆಯಾದರೆ ಅದರಲ್ಲಿ ಬಂದ ಸಾವು ಶಿವಾರ್ಪಣವಲ್ಲವೇ ಎಂದು ಭಕ್ತರು ಕೇಳಬಹುದು. ಆದರೆ ‘ಕಾಯಕ’ದೊಳಗೇ ‘ಕಾಯ’ವಿದೆ. ದೇಹವನ್ನು ಗುಡಿಯೆಂದು ಕಂಡ ಶರಣಧರ್ಮಕ್ಕೆ ತಪ್ಪಿಸಬಹುದಾಗಿದ್ದ ಸಾವು ಗುಡಿ ಕೆಡವಿದ ಪಾಪ, ಅದನ್ನು ನೈವೇದ್ಯವೆನ್ನಲಾಗದು. ಆ ಶರಣರಲ್ಲೊಬ್ಬ ಅಂಬಿಗರ ಚೌಡಯ್ಯ. ಅಂಬಿಗನ ಕಾಯಕದ ನೇಮ ಸರಳ: ಹತ್ತಿದವರೆಲ್ಲ ಇಳಿಯುವವರೆಗೆ ಹುಟ್ಟು ಕೈಬಿಡುವಂತಿಲ್ಲ. ಆ ನೇಮ ಪಾಲಿಸಿದ ಮೇಲೂ ಹೊಳೆ ಒಬ್ಬನನ್ನು ಎಳೆದುಕೊಂಡರೆ, ಅಂಬಿಗನೂ ಆಗ ಹಣೆಬರಹ ಎನ್ನಲಿ.